ಎರೆಗೆ ಸಿಕ್ಕ ಮಾಸ್ತರು

ಬಾಗಲಕೋಟೆಯ ನವನಗರದ ಮಾಸ್ತರೊಬ್ಬರಿಗೆ ಕಡಲಿನ ಹುಚ್ಚು ಹತ್ತಿದ್ದು ಉಡುಪಿ ಜಿಲ್ಲೆಯ ಸಾಲಿಗ್ರಾಮದಲ್ಲಿ. ಸೀತಾನದಿಯ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಒಂದು ತಾಸು ಕಯಾಕ್ ನಡೆಸಿ, ಮಧ್ಯಾಹ್ನ ಕಾಣೆ ಮೀನಿನ ರವಾ ಫ್ರೈ ಮುಗಿಸಿ ಎದ್ದಾಗಲೇ ಅವರು ನಿರ್ಧರಿಸಿದ್ದರು: ಇನ್ನು ಮುಂದೆ ಉಪ್ಪುನೀರಿನ ದಂಡೆಯಲ್ಲಿ ಒಬ್ಬನೇ ಇಡೀ ದಿನ ಗಾಳ ಹಾಕಬೇಕು. ಗಾಳಿ ತುಂಬುವ ಕಯಾಕ್ ತರಿಸಿದರು. ಬಾಗಲಕೋಟೆಗೆ ಕಡಲಿಲ್ಲ ಎಂಬ ಸಂಗತಿ ನೆನಪಾದದ್ದು ಡಬ್ಬಿ ಒಡೆದ ಮೇಲೆ.

ಉಪ್ಪಿಗೇನೂ ಬರವಿರಲಿಲ್ಲ. ಕಾಲುವೆ ನೀರು ಮಿತಿ ಮೀರಿದ ಹೊಲಗಳಲ್ಲಿ ಸವಳು ಬೆಳ್ಳಗೆ ಎದ್ದು ನಿಂತಿತ್ತು. ಆದರೆ ಸವಳಿನಲ್ಲಿ ದೋಣಿ ತೇಲುವುದಿಲ್ಲ.

ಸಿಹಿನೀರೇ ಆಗಲಿ ಎಂದು ಹುಡುಕಿದರು. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳ ಮಾತಿನಿಂದ ಪಾರಾದರೂ ಕೋತಿಗಳ ಕೈಯಿಂದ ಬುತ್ತಿ ಪಾರಾಗುವಂತಿರಲಿಲ್ಲ. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಮಲಪ್ರಭೆ ಕೂಡುತ್ತದೆ, ನೀರು ಬೇಕಾದಷ್ಟು. ಆದರೆ ಬಸವಣ್ಣನವರ ಐಕ್ಯಮಂಟಪದ ಎದುರು ಎರೆಹುಳು ಚುಚ್ಚುತ್ತ ಕೂತ ಸುದ್ದಿ ಇಳಕಲ್ಲಿನ ಅತ್ತೆಮನೆಗೆ ಅವರಿಗಿಂತ ಮೊದಲೇ ಮುಟ್ಟುತ್ತಿತ್ತು.

ಉಳಿದದ್ದು ಮನೆಯ ಮಗ್ಗುಲಿನ ಆಲಮಟ್ಟಿ ಹಿನ್ನೀರು. ಹೆಸರು ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ, 519.60 ಮೀಟರಿಗೆ ತುಂಬಿದರೆ 123 ಟಿಎಂಸಿ. ಸಾಗರವೆಂದು ಸರಕಾರವೇ ಕರೆದ ಮೇಲೆ ಉಪ್ಪಿಲ್ಲವೆಂದು ತಕರಾರು ತೆಗೆಯಲು ಮಾಸ್ತರು ಯಾರು?

ಮಾರ್ಚಿನ ಒಂದು ಭಾನುವಾರ ಬೆಳಗ್ಗೆ ಸೈಕಲ್ ಪಂಪಿನಿಂದ ಕಯಾಕಿಗೆ ಗಾಳಿ ತುಂಬತೊಡಗಿದಾಗ ದಂಡೆಯಲ್ಲಿ ಇದ್ದವರು ಒಬ್ಬ ಕುರಿಗಾಹಿ ಹುಡುಗ, ನಲವತ್ತು ಕುರಿ. ಅದು ಉಬ್ಬುವಷ್ಟರಲ್ಲಿ ಹನ್ನೊಂದು ಜನ ಸೇರಿದ್ದರು. ಕೂರಲು ಮೆತ್ತಗಿರಲೆಂದು ಹೆಂಡತಿಯ ಹಳೇ ಇಳಕಲ್ ಸೀರೆಗಳನ್ನು ಹೊಲಿದ ಕೌದಿ ಹಾಸಿದರು. ಕೆಂಪು ಸೆರಗಿನ ಬಿಳಿ ತೆನೆಗಳು ಹಳದಿ ರಬ್ಬರಿನ ಮೇಲೆ ಹೊಳೆದದ್ದನ್ನು ಕಂಡು ಒಬ್ಬಾತ ಕೇಳಿಯೇ ಬಿಟ್ಟ: “ಮಾಸ್ತರ, ಸೀಮಂತಕ್ಕ ಹೊಂಟೀರೇನ್ರೀ?”

ಹರಿಗೋಲಿನ ಮುದುಕ ಕಾಕಾ ಮಾತ್ರ ನಗಲಿಲ್ಲ. ಕಯಾಕನ್ನು ಬೆರಳಿನಿಂದ ಒತ್ತಿ ನೋಡಿ, “ಚರ್ಮದ್ದಲ್ಲ” ಎಂದರು. ಆ ಮಾತಿನಲ್ಲಿ ಅವರಿಗೇ ಗೊತ್ತಿಲ್ಲದ ಇತಿಹಾಸವಿತ್ತು. ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಬೇಟೆಗಾರರು ಎಲುಬು, ಕಟ್ಟಿಗೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಬಿಗಿದು ಮಾಡಿದ್ದೇ ಮೊದಲಿನ ಕಯಾಕ್. ನಮ್ಮ ಹರಿಗೋಲೂ ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದೇ. ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ 16ನೆಯ ಶತಮಾನದಲ್ಲಿ ಅದನ್ನು ಕಂಡು ಬರೆದಿಟ್ಟಿದ್ದಾನೆ. ಈಗ ತೊಗಲಿನ ಜಾಗಕ್ಕೆ ತಾಡಪಾಲು, ಡಾಂಬರು ಬಂದಿವೆ. ಒಟ್ಟಿನಲ್ಲಿ ಎರಡೂ ದಾಯಾದಿಗಳು. ಒಂದು ನೆಟ್ಟಗೆ ಹೋಗುತ್ತದೆ, ಇನ್ನೊಂದು ತಿರುಗುತ್ತದೆ.

ಮಾಸ್ತರು ನೆಟ್ಟಗೆ ಹೋದರು. ಮೊದಲ ತಾಸು ಏನೂ ಕಚ್ಚಲಿಲ್ಲ. ಎರಡನೆಯ ತಾಸಿಗೆ ಅಂಗೈಯಗಲದ ಜಿಲೇಬಿ ಮೀನೊಂದು ಬಂತು. ಪುಸ್ತಕದ ತಿಲಾಪಿಯಾ ಅದೇ: ಹುಟ್ಟೂರು ಆಫ್ರಿಕಾ, ಭಾರತಕ್ಕೆ ಬಂದದ್ದು 1952ರಲ್ಲಿ. ಗಂಡು ತೆಳುನೀರಿನ ಕೆಸರಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಉಪ್ಪುನೀರಾದರೂ ಸೈ, ಸಿಹಿನೀರಾದರೂ ಸೈ. ಉಪ್ಪೇ ಬೇಕೆಂಬ ಹಟ ಮೀನಿಗಿರಲಿಲ್ಲ, ಮಾಸ್ತರಿಗಿತ್ತು.

ದೂರದಲ್ಲಿ ರಾಜಹಂಸಗಳ ಹಿಂಡು ಕೊಕ್ಕು ತಲೆಕೆಳಗು ಮಾಡಿ ಕೆಸರು ಸೋಸುತ್ತಿತ್ತು. ಫೋಟೊ ತೆಗೆಯುವ ಆಸೆಗೆ ಮಾಸ್ತರು ಆ ಕಡೆ ಹುಟ್ಟು ಹಾಕಿದರು. ಅವು ನಿಂತಲ್ಲಿ ನೀರು ಗೇಣುದ್ದ ಎಂಬುದು ಕಯಾಕ್ ತಳ ಹಿಡಿದು ಕೂತಾಗಲೇ ತಿಳಿದದ್ದು. ಇಳಿದು ದೂಡೋಣವೆಂದು ಕಾಲಿಟ್ಟರೆ ಮೊಣಕಾಲಿನವರೆಗೆ ಎರೆ ಮಣ್ಣು. ಮೀನಿಗೆಂದು ಎರೆ ಒಯ್ದವರನ್ನು ಎರೆಯೇ ಹಿಡಿಯಿತು. ಒಂದು ಚಪ್ಪಲಿ ಇಂದಿಗೂ ಕೃಷ್ಣಾ ಕೊಳ್ಳದಲ್ಲಿದೆ.

ಹೇಗೋ ಕಾಲು ಕಿತ್ತು ಮತ್ತೆ ಕಯಾಕ್ ಹತ್ತಿ ಕೂತ ಮೇಲೆ ಮುಂದಿನದು ಗಾಳದ ಸರದಿ. ಏನೋ ದೊಡ್ಡದೇ ಸಿಕ್ಕಿದೆ ಎಂದು ಅವರು ಎಳೆದೇ ಎಳೆದರು. ದಾರ ಬಿಗಿಯಿತು, ಕಡ್ಡಿ ಬಿಲ್ಲಾಯಿತು, ಮೀನು ಮಾತ್ರ ಅಲುಗಲಿಲ್ಲ. ಹರಿಗೋಲು ತಿರುಗಿಸುತ್ತ ಬಂದ ಕಾಕಾ ನೀರಿನೊಳಗೆ ಕೈ ಹಾಕಿ ತಡವಿದರು.

“ಬಾಳೆಮೀನು ಅಲ್ರೀ, ಜಾಲಿ ಬಡ್ಡಿ. ನಮ್ಮ ದೊಡ್ಡಪ್ಪನ ಹೊಲದ ಬದುವಿನ್ಯಾಗಿಂದು. ಸಣ್ಣಾವಿದ್ದಾಗ ನನ್ನ ಚೊಣ್ಣ ಹರಿದಿತ್ತು.”

“ಹೊಲ ಎಷ್ಟಿತ್ತು ಕಾಕಾ?”

“ಆರು ಎಕರೆ. ಬಿಳಿಜೋಳ ಬಿತ್ತತಿದ್ವಿ. ಈಗ ನೀವು ಕಡ್ಡಿ ಹಿಡ್ಕೊಂಡು ಕುಂತಿರಲ್ಲ, ಅಲ್ಲೇ ರಾಶಿ ಮಾಡತಿದ್ವಿ.”

ಮಾಸ್ತರು ಕಣದ ಮೇಲೆ ಕೂತವರಂತೆ ತುಸು ಸರಿದು ಕೂತರು. ದಾರ ಕತ್ತರಿಸಿದರು. ಬುತ್ತಿ ಬಿಚ್ಚಿ, ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಯಲ್ಲಿ ಅರ್ಧ ಕಾಕಾನಿಗೆ ದಾಟಿಸಿದರು. ಒಬ್ಬಂಟಿ ದಿನದ ಯೋಜನೆ ಅಲ್ಲಿಗೆ ಅಧಿಕೃತವಾಗಿ ರದ್ದಾಯಿತು.

ಊಟವಾದ ಮೇಲೆ ಕಾಕಾನಿಗೆ ಕಯಾಕ್ ಹತ್ತುವ ಮನಸ್ಸಾಯಿತು. ಆಚೆಯ ಆಳದ ನೀರಿಗೆ ಹೋಗಿ ಇಬ್ಬರೂ ಅದಲು ಬದಲಾದರು. ಹರಿಗೋಲಿನಲ್ಲಿ ಮಾಸ್ತರು ನಿಂತಲ್ಲೇ ಗಿರಗಿರ ತಿರುಗತೊಡಗಿದರು. ಅತ್ತ ಕಯಾಕು ಬಾಣದಂತೆ ಚಿಮ್ಮಿತು. ನೀರನ್ನೇ ನೆಲ ಮಾಡಿಕೊಂಡು ಬಾಳಿದ ಆ ಮುದುಕರು ಹುಟ್ಟು ಎತ್ತಿ ಹಿಡಿದು ಗಾಬರಿಯಿಂದ ಕೂಗಿದರು:

“ಮಾಸ್ತರ! ಇದು ತಿರಗವಲ್ದಲ್ರೀ!”