ಊರಿಗೆ ಬಂದವಳು ನೀರಿಗೆ ಬಾರಳೇ?

ಮಾರುಕಟ್ಟೆಗೆ ಅವರೆಕಾಯಿ ಬಂತು ಅಂದರೆ ನಿಮಗೆ ಹಿತಕಿದ ಬೇಳೆ ಸಾರು ನೆನಪಾಗುತ್ತೆ, ನನಗೆ ನಂದಿಬೆಟ್ಟ. ಸಾರು ಬೇಡ ಅಂತಲ್ಲ, ಸಾರೂ ಬೇಕು. ಆದರೆ ಸೊಗಡವರೆ ವಾಸನೆ ಮೂಗಿಗೆ ಬಡಿದ ಕೂಡಲೇ ಹಿಮಾಲಯದ ಹಕ್ಕಿಗಳು ಇಷ್ಟೊತ್ತಿಗೆ ಬೆಟ್ಟಕ್ಕೆ ಬಂದು ಕೂತಿರಬೇಕು ಅನ್ನೋ ಲೆಕ್ಕಾಚಾರ ತಲೆಯೊಳಗೆ ಶುರುವಾಗಿಬಿಡುತ್ತೆ. ಆಮೇಲೆ ಮನೆಯಲ್ಲಿ ನಿಲ್ಲೋದು ಕಷ್ಟ.

ಬೆಟ್ಟ ನಿಮಗೂ ಗೊತ್ತಿರೋದೇ. ಕೋಳಿ ಕೂಗೋ ಮುಂಚೆಯೇ ಬೈಕು, ಕಾರುಗಳ ಸಾಲು, ಎಲ್ಲರಿಗೂ ಸೂರ್ಯೋದಯ ಬೇಕು. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಎಷ್ಟೋ ದಿನ ಸೂರ್ಯ ಕಾಣೋದೇ ಇಲ್ಲ, ಮಂಜು ಮೂಗಿನ ತುದಿಗೇ ಬಂದು ನಿಂತಿರುತ್ತೆ. ಹಾಗಂತ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಮಂಜಿನ ಜೊತೆಗೇ ಫೋಟೋ ತೆಗೆಸಿಕೊಂಡು, ಬಿಸಿ ಬಿಸಿ ಜೋಳದ ತೆನೆ ತಿಂದು, ಒಂಬತ್ತು ಗಂಟೆ ಹೊತ್ತಿಗೆ ಇಳಿದು ಹೋಗ್ತಾರೆ. ಹಕ್ಕಿ ನೋಡೋವರ ಬೆಳಗು ಆಮೇಲೆ. ಮಂಜು ಇರೋ ತನಕ ಹಕ್ಕಿಗಳೂ ಪುಕ್ಕ ಉಬ್ಬಿಸಿಕೊಂಡು ಸುಮ್ಮನೆ ಕೂತಿರುತ್ತವೆ. ಬಿಸಿಲು ಮರದ ನೆತ್ತಿಗೆ ತಾಗಿದ ಮೇಲೇ ಒಂದೊಂದಾಗಿ ಕೆಲಸಕ್ಕೆ ಇಳಿಯೋದು. ನಮಗೆ ಇದಕ್ಕಿಂತ ಒಳ್ಳೆ ವೇಳಾಪಟ್ಟಿ ಇನ್ನೊಂದಿಲ್ಲ, ಅಲ್ವಾ?

ಒಂದೇ ಒಂದು ತಾಪತ್ರಯ ಅಂದ್ರೆ ಕೋತಿಗಳು. ಅಲ್ಲಿನ ಕೋತಿಗೆ ಯಾವ ಚೀಲದಲ್ಲಿ ತಿಂಡಿ, ಯಾವ ಚೀಲದಲ್ಲಿ ಕ್ಯಾಮೆರಾ ಅನ್ನೋದು ದೂರದಿಂದಲೇ ತಿಳಿಯುತ್ತೆ. ಹೋದ ವರ್ಷ ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳ ಚೀಲದ ಜಿಪ್ಪನ್ನು ಒಂದು ಹೆಣ್ಣು ಕೋತಿ ಎಷ್ಟು ನಾಜೂಕಾಗಿ ಎಳೆದು ತೆಗೀತು ಅಂತೀರಿ! ಟಿಫಿನ್ ಡಬ್ಬಿ ಎತ್ತಿಕೊಂಡು ಬಂಡೆ ಮೇಲೆ ಹೋಗಿ ಕೂತು, ಮುಚ್ಚಳ ತಿರುಗಿಸಿ ತೆಗೆದು, ಚಿತ್ರಾನ್ನದ ಕಡಲೆಬೀಜ ಮಾತ್ರ ಹೆಕ್ಕಿ ಹೆಕ್ಕಿ ತಿಂತು. ಮರಿ ಕೈ ಹಾಕಿದರೆ ಒಂದು ಏಟು. ನಾವೆಲ್ಲ ಹಕ್ಕಿ ಮರೆತು ಅದನ್ನೇ ನೋಡ್ತಾ ನಿಂತಿದ್ವಿ. ಡಬ್ಬಿ ಮಾತ್ರ ವಾಪಸ್ ಸಿಕ್ತು.

ಹಾಂ, ಹಕ್ಕಿ ವಿಷಯಕ್ಕೆ ಬರ್ತೀನಿ. ಮೇಲೆ ನೆಹರೂ ನಿಲಯ ಇದೆಯಲ್ಲ, ಅದು ಮೊದಲು ಮಾರ್ಕ್ ಕಬ್ಬನ್ ಬೇಸಿಗೆಯಲ್ಲಿ ಬಂದು ಇರ್ತಿದ್ದ ಮನೆ. ಕಬ್ಬನ್ ಪಾರ್ಕಿನ ಕಬ್ಬನ್ನೇ. 1834ರಿಂದ 1861ರ ತನಕ ಮೈಸೂರಿನ ಕಮಿಷನರ್ ಆಗಿದ್ದವನು, ಬೆಂಗಳೂರಿನ ಬಿಸಿಲೂ ಅವನಿಗೆ ಜಾಸ್ತಿ ಅನ್ನಿಸಿತ್ತೋ ಏನೋ. 1478 ಮೀಟರ್ ಎತ್ತರದಲ್ಲಿ ಬ್ರಿಟಿಷರ ಕಾಲದಿಂದಲೂ ನೆಟ್ಟು ಬೆಳೆಸಿದ ತೋಟ, ನರ್ಸರಿ, ದೊಡ್ಡ ದೊಡ್ಡ ಮರಗಳು. ಆ ಮರಗಳ ಕೆಳಗೆ ಬಿಸಿಲು ಅಷ್ಟಾಗಿ ಬೀಳದ ಜಾಗದಲ್ಲಿ ತರಗೆಲೆ ಮೆತ್ತಗೆ ಕೊಳೆತು ಒದ್ದೆಯಾಗಿ ಬಿದ್ದಿರುತ್ತೆ. ಸೂರ್ಯೋದಯದವರು ಆ ಕಡೆ ತಲೆ ಹಾಕಲ್ಲ, ನೋಡೋಕೆ ಅಲ್ಲಿ ಏನೂ ಇಲ್ಲ. ಅಪರೂಪದ ಹಕ್ಕಿ ಎಲ್ಲ ಬರೋದು ಅಲ್ಲಿಗೇ.

ಅಲ್ಲಿ ಒಬ್ಬರು ಹಿರಿಯರು ಸಿಗ್ತಾರೆ, ಬ್ಯಾಂಕಿನಿಂದ ನಿವೃತ್ತರಾದವರು. ಬಟ್ಟೆ ಚೀಲದಲ್ಲಿ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’, ಒಂದು ಹಳೇ ದುರ್ಬೀನು, ಮಡಚಿದ ಜಮಖಾನ. ನಾವೆಲ್ಲ ಮೊದಮೊದಲು ಬೆಟ್ಟ ಪೂರಾ ಸುತ್ತುತ್ತಿದ್ದೆವು, ಟಿಪ್ಪು ಡ್ರಾಪಿನ ಹತ್ತಿರ ಒಂದು ಗಂಟೆ, ಅಮೃತ ಸರೋವರದ ಹತ್ತಿರ ಒಂದು ಗಂಟೆ. ಅವರು ಮಾತ್ರ ನರ್ಸರಿ ಪಕ್ಕದಲ್ಲಿ ಜಮಖಾನ ಹಾಸಿ ಕೂತಿರೋರು. ಎದುರಿಗೆ ಒಂದು ಸೋರುವ ನಲ್ಲಿ. ತೊಟ್ಟು ತೊಟ್ಟಾಗಿ ನೀರು ಬಿದ್ದು ಕೆಳಗೆ ಅಂಗೈಯಗಲ ನಿಂತಿತ್ತು, ಅಷ್ಟೇ. ‘ಸುತ್ತಿ ಯಾಕೆ ಸುಸ್ತಾಗ್ತೀರಿ? ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ, ಕೂತ್ಕೊಳ್ಳಿ’ ಅಂದರು. ಕೂತೆವು. ಕಾಲು ಮರಗಟ್ಟಿತು. ಮಧ್ಯದಲ್ಲಿ ಯಾರೋ ಚಕ್ಕುಲಿ ತೆಗೆದರೆ ಕಣ್ಣಲ್ಲೇ ಬೇಡ ಅಂದರು, ಕಟುಂ ಅನ್ನೋ ಸದ್ದಿಗೆ ಹಕ್ಕಿ ಹೋಗಿಬಿಡುತ್ತೆ ಅಂತ.

ಆಗ ಬಂತು ನೋಡಿ, ಪೈಡ್ ಥ್ರಷ್.

ನಾನು ಹಾರಿ ಬರೋದನ್ನು ಕಾಯ್ತಾ ಇದ್ದೆ. ಅದು ಆಗಲೇ ಅಲ್ಲೇ ಇತ್ತು. ತರಗೆಲೆಯ ಕಪ್ಪು ಬಿಳಿ ನೆರಳಲ್ಲಿ ಮೈಯೆಲ್ಲ ಕಪ್ಪು ಬಿಳಿಯ ಹಕ್ಕಿ ನಿಂತರೆ ಯಾರಿಗೆ ತಾನೇ ಕಾಣಬೇಕು, ಅಲ್ವಾ? ಕಣ್ಣಿನ ಮೇಲೆ ಬಿಳಿಯ ಅಗಲವಾದ ಹುಬ್ಬು, ರೆಕ್ಕೆ ಮೇಲೆ ಬಿಳಿ ಮಚ್ಚೆ, ಪಕ್ಕೆ ಉದ್ದಕ್ಕೂ ಚುಕ್ಕಿ. ಒಂದು ಎಲೆ ಕೊಕ್ಕಿನಲ್ಲಿ ಹಿಡಿಯುತ್ತೆ, ನಮ್ಮಜ್ಜಿ ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲು ಬಿಸಾಡುತ್ತಿದ್ದ ಹಾಗೆ ಪಕ್ಕಕ್ಕೆ ಎಸೆಯುತ್ತೆ, ತಲೆ ಓರೆ ಮಾಡಿ ಕೆಳಗೇನಿದೆ ಅಂತ ನೋಡುತ್ತೆ. ಹುಳ ಇದ್ದರೆ ತಿನ್ನುತ್ತೆ, ಇಲ್ಲದಿದ್ದರೆ ಮುಂದಿನ ಎಲೆ. ಆಮೇಲೆ ಎರಡು ಹೆಜ್ಜೆ ಕುಪ್ಪಳಿಸಿ ಬಂದು, ಆ ಅಂಗೈಯಗಲ ನೀರಿಗೆ ಕೊಕ್ಕು ಅದ್ದಿ, ತಲೆ ಮೇಲೆತ್ತಿ ನುಂಗಿತು. ಹಿರಿಯರು ನನ್ನ ಕಡೆ ತಿರುಗಿ ಬರೀ ಹುಬ್ಬು ಹಾರಿಸಿದರು.

ಇದು ಮೊಟ್ಟೆ ಇಟ್ಟು ಮರಿ ಮಾಡೋದು ಹಿಮಾಲಯದ ನಡುಭಾಗದ ಕಾಡುಗಳಲ್ಲಿ, ನಮ್ಮ ಉತ್ತರಾಖಂಡ, ನೇಪಾಳದ ಕಡೆ. ಚಳಿಗಾಲಕ್ಕೆ ದಕ್ಷಿಣ ಭಾರತ, ಶ್ರೀಲಂಕಾ. ಹಿಮಾಲಯದಿಂದ ನಂದಿಗೆ 2000 ಕಿಲೋಮೀಟರಿನ ಹತ್ತಿರ ಹತ್ತಿರ ಆಗುತ್ತೆ, ಅದೂ ರಾತ್ರಿ ಹೊತ್ತಿನ ಪಯಣ. ಲಂಕೆಯ ನುವರ ಎಲಿಯದಲ್ಲಿ ವಿಕ್ಟೋರಿಯಾ ಪಾರ್ಕ್ ಅಂತ ಊರ ನಡುವೆಯೇ ಒಂದು ಉದ್ಯಾನ. ಚಳಿಗಾಲದಲ್ಲಿ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಬಂದು ಇದೇ ಹಕ್ಕಿಗಾಗಿ ಅಲ್ಲಿನ ತೊರೆಯ ಪಕ್ಕ ಕಾದು ನಿಲ್ತಾರೆ. ಅಲ್ಲೂ ನೀರಿನ ಪಕ್ಕವೇ ನೋಡಿ!

ಇನ್ನೊಂದು ನೆನಪಾಯಿತು. 1986ರ ನವೆಂಬರಿನಲ್ಲಿ ಬೆಂಗಳೂರಲ್ಲಿ ಸಾರ್ಕ್ ಸಮ್ಮೇಳನ ಆಯ್ತಲ್ಲ, ಆಗ ನಾಯಕರನ್ನೆಲ್ಲ ನಂದಿಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದರು. ಊರೆಲ್ಲ ಅದೇ ಮಾತು. ನೇಪಾಳ, ಭಾರತ, ಶ್ರೀಲಂಕಾ ಒಂದೇ ಬೆಟ್ಟದ ಮೇಲೆ ಸೇರಿದ್ದು ದೊಡ್ಡ ಸಂಗತಿಯೇ ಸರಿ. ಈ ಹಕ್ಕಿ ಪ್ರತಿ ವರ್ಷ ಅದೇ ಮೂರು ದೇಶ ಹೊಲಿದುಕೊಂಡು ಹೋಗಿ ಬರುತ್ತೆ, ನಡುವೆ ಇಲ್ಲಿ ಇಳಿದು ನೀರು ಕುಡಿಯುತ್ತೆ. ಆ ನವೆಂಬರಿನಲ್ಲೂ ನರ್ಸರಿಯ ಮೂಲೆಯಲ್ಲಿ ಒಂದಾದರೂ ಎಲೆ ತಿರುಗಿಸುತ್ತಾ ಇದ್ದಿರಬೇಕು ಅಂತ ನನಗೆ ಅನ್ನಿಸುತ್ತೆ, ನಿಮಗೆ?

ಥ್ರಷ್ ಸಿಕ್ಕ ಮೇಲೆ ಉಳಿದದ್ದೆಲ್ಲ ಊಟದ ಜೊತೆ ಹಪ್ಪಳ ಅಂತ ತಿಳೀಬೇಡಿ. ನೀಲಿ ತಲೆ, ಕೆಂಗಿತ್ತಳೆ ಹೊಟ್ಟೆಯ ಬ್ಲೂ ಕ್ಯಾಪ್ಡ್ ರಾಕ್ ಥ್ರಷ್ ಕೂಡ ಹಿಮಾಲಯದ್ದೇ. ಅದು ಕೊಂಬೆ ಮೇಲೆ ಎಷ್ಟು ನಿಶ್ಚಲವಾಗಿ ಕೂರುತ್ತೆ ಅಂದ್ರೆ ಕತ್ತು ನಮಗೆ ನೋಯುತ್ತೆ. ನೀಲಗಿರಿ ಕಾಡುಪಾರಿವಾಳ ಬೇರೆ. ಕತ್ತಿನ ಹಿಂದೆ ಕಪ್ಪು ಬಿಳಿ ಚೌಕಳಿ ಇರೋ ದೊಡ್ಡ ಹಕ್ಕಿ, ಪಶ್ಚಿಮ ಘಟ್ಟ ಬಿಟ್ಟು ಆಚೆಗೆ ಬಹಳ ಬರೋದಲ್ಲ. ಘಟ್ಟದಿಂದ ಇಷ್ಟು ದೂರ, ನಡುವೆ ಅಷ್ಟು ಬಯಲುಸೀಮೆ ಇಟ್ಟುಕೊಂಡು ಈ ಒಂಟಿ ಬೆಟ್ಟಕ್ಕೆ ಅದು ಹೇಗೆ ಬಂದು ಸೇರಿಕೊಳ್ತೋ! ಬೆಟ್ಟದ ತಂಪು, ಮಂಜು, ಹಣ್ಣಿನ ಮರಗಳು ಅದಕ್ಕೂ ತವರಿನ ನೆನಪು ತರುತ್ತವೆ ಅನ್ನಿಸುತ್ತೆ.

ಆದರೆ ನನ್ನ ಕೇಳಿದರೆ ಬೆಟ್ಟದ ನಿಜವಾದ ಒಡೆಯ ಇವರ್‍ಯಾರೂ ಅಲ್ಲ, ಹಳದಿ ಕೊರಳಿನ ಪಿಕಳಾರ. ನಿಮ್ಮ ಕರಿಬೇವಿನ ಗಿಡದಲ್ಲಿ ಗೂಡು ಕಟ್ಟುತ್ತಲ್ಲ ಕೆಮ್ಮೀಸೆ ಪಿಕಳಾರ, ಅದರದೇ ದಾಯಾದಿ. ಕೆಮ್ಮೀಸೆಗೆ ಜುಟ್ಟು ಇದೆ, ಜಂಬ ಇದೆ, ಎಲ್ಲಿ ಬೇಕಾದರೂ ಬದುಕುತ್ತೆ. ಇದಕ್ಕೆ ಜುಟ್ಟಿಲ್ಲ, ನಾಚಿಕೆ ಜಾಸ್ತಿ. ಗಂಟಲಲ್ಲಿ ಅರಿಶಿನ ಬಳಿದ ಹಳದಿ, ಬಾಲದ ಕೆಳಗೂ ಅದೇ ಹಳದಿ, ಮಿಕ್ಕಿದ್ದೆಲ್ಲ ಬಂಡೆ ಬಣ್ಣ. ದಕ್ಷಿಣ ದಖ್ಖನಿನ ಬಂಡೆಗುಡ್ಡಗಳ ಕುರುಚಲು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ನಂದಿಯಲ್ಲಿ ಇದೆ, ರಾಮನಗರದ ಗುಡ್ಡಗಳಲ್ಲಿ ಇದೆ, ದರೋಜಿ ಕರಡಿಧಾಮದ ಬಂಡೆಗಳಲ್ಲಿ ಇದೆ, ಆಂಧ್ರದ ಹಾರ್ಸ್ಲಿ ಬೆಟ್ಟದಲ್ಲಿ ಇದೆ. ಥ್ರಷ್‌ಗೆ ಇಲ್ಲಿ ಆಗದಿದ್ದರೆ ಇನ್ನೊಂದು ಬೆಟ್ಟ ಉಂಟು. ಇದು ಎಲ್ಲಿಗೆ ಹೋಗಬೇಕು? ಸುತ್ತಮುತ್ತ ಕಲ್ಲು ಗಣಿಗಾರಿಕೆ ಗುಡ್ಡ ಗುಡ್ಡವನ್ನೇ ಜಲ್ಲಿ ಮಾಡಿ ಲಾರಿಗೆ ತುಂಬುತ್ತೆ, ಬೇಸಿಗೆ ಬಂದರೆ ಕುರುಚಲಿಗೆ ಬೆಂಕಿ. ಬೆಟ್ಟದ ಮೇಲೆ ಕೂತು ದೂರದ ಸಿಡಿತ ಕೇಳಿದಾಗ ನನಗೆ ಹೊಟ್ಟೆಯೊಳಗೆ ಕಿವುಚಿದ ಹಾಗಾಗುತ್ತೆ, ಸುಳ್ಳಲ್ಲ.

ಈ ಪಿಕಳಾರದ ಬಗ್ಗೆ 1845ರಲ್ಲಿ ಮೊದಲು ಬರೆದವನು ಥಾಮಸ್ ಜೆರ್ಡಾನ್ ಅನ್ನೋ ಕಂಪನಿ ಸರ್ಕಾರದ ಡಾಕ್ಟರು. ರೋಗಿ ನೋಡೋ ಕೆಲಸದ ಜೊತೆಗೇ ದಕ್ಷಿಣದ ಹಕ್ಕಿಗಳನ್ನೆಲ್ಲ ಜಾಲಾಡಿದವನು. ಅವನ ಹೆಸರು ಹೊತ್ತ ಇನ್ನೊಂದು ಹಕ್ಕಿ ಇದೆ, ಜೆರ್ಡಾನ್ಸ್ ಕೋರ್ಸರ್. ಕಡಪದ ಕಡೆಯವರು ಕಲಿವಿ ಕೋಡಿ ಅಂತಾರೆ. ರಾತ್ರಿ ಹೊತ್ತು ಮುಳ್ಳುಕುರುಚಲಲ್ಲಿ ಓಡಾಡೋ ಪ್ರಾಣಿ. 1900ರಲ್ಲಿ ಕಂಡದ್ದೇ ಕೊನೆ, ಆಮೇಲೆ ಸುಳಿವಿಲ್ಲ, ನಿರ್ನಾಮ ಆಯ್ತು ಅಂತಲೇ ಎಲ್ಲರೂ ಬರೆದುಬಿಟ್ಟಿದ್ದರು. 1986ರ ಜನವರಿಯಲ್ಲಿ, ಹುಡುಕಾಟಕ್ಕೆ ಬಂದವರು ಹಳ್ಳಿಗಳಲ್ಲಿ ಚಿತ್ರ ತೋರಿಸುತ್ತಾ ತಿರುಗಿದ ಮೇಲೆ, ಅಲ್ಲಿಯ ಬೇಟೆಗಾರನೊಬ್ಬ ರಾತ್ರಿ ಬೆಳಕಿನಲ್ಲಿ ಒಂದನ್ನು ಹಿಡಿದು ತಂದ. 86 ವರ್ಷ ವಿದ್ವಾಂಸರಿಗೆ ಕಾಣದ್ದು ಅವನಿಗೆ ಅಕ್ಕಪಕ್ಕದ ಮನೆಯವರಷ್ಟೇ ಪರಿಚಯ! ಆ ಹಕ್ಕಿಗೋಸ್ಕರ ಶ್ರೀಲಂಕಮಲ್ಲೇಶ್ವರ ಅಭಯಾರಣ್ಯ ಆಯಿತು, ತೆಲುಗು ಗಂಗಾ ಕಾಲುವೆಯ ದಾರಿಯನ್ನೇ ಆಮೇಲೆ ಬದಲಿಸಿದರು. ಕಾಲುವೆ ಹಕ್ಕಿಗೆ ದಾರಿ ಬಿಡೋದು ಅಂದ್ರೆ ಸಣ್ಣ ಮಾತಾ? ನನಗಂತೂ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು.

ಪಿಕಳಾರದ ವಿಷಯಕ್ಕೇ ಇನ್ನೊಂದು. ಹೋದ ಚಳಿಗಾಲ ಇಬ್ಬರು ಹುಡುಗರು ಬಂದಿದ್ದರು. ಒಳ್ಳೆ ಹುಡುಗರೇ, ದೊಡ್ಡ ಲೆನ್ಸು. ಪೊದೆ ಮುಂದೆ ನಿಂತು ಮೊಬೈಲಿನಲ್ಲಿ ಪಿಕಳಾರದ ಕೂಗು ಹಾಕಿದರು. ಒಂದು ನಿಮಿಷಕ್ಕೆ ಹಕ್ಕಿ ಹೊರಗೆ, ಇನ್ನೊಂದು ನಿಮಿಷಕ್ಕೆ ಜೋಡಿಯೂ ಹೊರಗೆ, ರೆಕ್ಕೆ ಕೆದರಿಕೊಂಡು ಆ ಕಡೆ ಈ ಕಡೆ ಹಾರಾಟ. ಹಿರಿಯರು ಎದ್ದು ಹೋಗಿ, ಹೆಗಲ ಮೇಲೆ ಕೈ ಹಾಕಿ ಹೇಳಿದರು: ‘ನಿಮ್ಮ ಮನೆ ಹಜಾರದಲ್ಲಿ ಯಾರೋ ನಿಂತು ಇದು ನನ್ನ ಮನೆ ಅಂತ ಕೂಗ್ತಾ ಇದ್ದಾರೆ, ಹುಡುಕಿದರೆ ಯಾರೂ ಇಲ್ಲ. ಎಷ್ಟು ಹೊತ್ತು ಊಟ ಸೇರುತ್ತೆ?’ ಹುಡುಗರು ಮೊಬೈಲು ಜೇಬಿಗೆ ಹಾಕಿದರು. ಆಮೇಲೆ ಅವರೂ ಜಮಖಾನದ ಅಂಚಿನಲ್ಲಿ ಕೂತರು. ಲಂಟಾನದ ಕಪ್ಪು ಹಣ್ಣಿಗೆ ಅದೇ ಜೋಡಿ ತಾನಾಗಿ ಬಂದಾಗ ಅವರಿಗೆ ಸಿಕ್ಕ ಫೋಟೋ ಇದೆಯಲ್ಲ, ಹಕ್ಕಿಯ ಮುಖದಲ್ಲಿ ಗಾಬರಿ ಇಲ್ಲ. ಕಳಿಸಿಕೊಟ್ಟಿದ್ದಾರೆ, ತೋರಿಸ್ತೀನಿ ಇರಿ, ಆಮೇಲೆ.

ಈ ಸಲ ಹೋದಾಗ ಒಂದು ಬೇಸರ ಆಯ್ತು. ಆ ಮೂಲೆಯ ತರಗೆಲೆಯನ್ನೆಲ್ಲ ಯಾರೋ ನೀಟಾಗಿ ಗುಡಿಸಿ, ಗುಡ್ಡೆ ಹಾಕಿ, ಬೆಂಕಿ ಇಟ್ಟಿದ್ದರು. ಮಾಡಿದವರಿಗೆ ಅದು ಚೊಕ್ಕಟವೇ. ನೆಲ ಬೋಳು, ಒಣ. ಎರೆಹುಳ ಇಲ್ಲ, ಹುಳ ಇಲ್ಲ, ಥ್ರಷ್ ಯಾವ ಎಲೆ ತಿರುಗಿಸಬೇಕು? ಚಿಪ್ಸ್ ಪೊಟ್ಟಣಗಳನ್ನು ಗುಡಿಸಲಿ, ಪುಣ್ಯ ಬರುತ್ತೆ. ಎಲೆ ಕಸ ಅಲ್ಲ ಸ್ವಾಮಿ, ಅದು ಹಕ್ಕಿಗೆ ಹಾಸಿಟ್ಟ ಬಾಳೆಲೆ. ಅಲ್ಲಿ ಕೆಲಸ ಮಾಡೋ ಹೆಂಗಸೊಬ್ಬರ ಜೊತೆ ಹಿರಿಯರು ಅರ್ಧ ಗಂಟೆ ಮಾತಾಡಿದರು, ಪುಸ್ತಕ ತೆಗೆದು ಚಿತ್ರಗಳನ್ನೂ ತೋರಿಸಿದರು. ಆಕೆ ತೋಟಕ್ಕೆ ಬರೋ ಹಕ್ಕಿಗಳನ್ನೆಲ್ಲ ಒಂದೊಂದಾಗಿ ಬೆರಳಿಟ್ಟು ತೋರಿಸಿ, ‘ಇವಕ್ಕೆ ಅಂತ ಗೊತ್ತಿದ್ರೆ ಆ ಮರದಡಿ ಬಿಡ್ತಿದ್ದೆ’ ಅಂದರು. ಬಿಟ್ಟಿದ್ದಾರೋ ಇಲ್ಲವೋ ಮುಂದಿನ ವಾರ ಹೋಗಿ ನೋಡಬೇಕು.

ನೀವೂ ಬರೋದಾದರೆ ಶನಿವಾರ, ಭಾನುವಾರ ಬೇಡ, ವಾರದ ನಡುವೆ ಹೋಗೋಣ. ಸ್ವೆಟರು ಕೆಂಪು, ಹಳದಿ ಬೇಡ, ಮಾಸಲು ಬಣ್ಣದ್ದು ಇರಲಿ. ಚಕ್ಕುಲಿ ಬದಲು ಮೆತ್ತಗಿರೋ ಉಂಡೆ ಕಟ್ಟಿಕೊಳ್ಳಿ. ಹಾಗೇ, ನಿಮ್ಮ ಮಾವಿನ ಮರದ ಕೆಳಗೆ ಈ ಮೂಲೆಯಲ್ಲಿ ಬಿದ್ದಿರೋ ಎಲೆ ಇದೆಯಲ್ಲ, ಅದನ್ನು ಗುಡಿಸೋದು ಏಪ್ರಿಲ್ ತನಕ ಬಿಟ್ಟುಬಿಡ್ತೀರಾ? ಥ್ರಷ್ ಹಾಗೇ ತರಗೆಲೆ ಕೆದಕೋ ನವರಂಗ ಹಕ್ಕಿಗಳು ದಾರಿ ನಡುವೆ ಬೆಂಗಳೂರಿನ ಹಿತ್ತಲುಗಳಿಗೂ ಇಳಿಯುತ್ತವೆ. ನೀರಿನ ಬಟ್ಟಲು ನಾನು ಇಡ್ತೀನಿ, ಬೇಲಿಗೆ ಈ ಕಡೆ.