ಮೂಗು ತಿದ್ದುವ ವೈದ್ಯ

ಮಹಾರಾಷ್ಟ್ರದ ಗಡಿಯೂರು ಮಾಡಗ್ಯಾಳದ ಕುರಿಗೆ ಹೆಸರು ತಂದದ್ದು ಅದರ ಉಬ್ಬಿದ ಮೂಗು. ಅದನ್ನು ಎಣ್ಣೆ ಹಚ್ಚಿ ತೀಡಿದವರಿಲ್ಲ, ವಂಶದಿಂದ ಬಂದದ್ದು. ಇದು ಗೊತ್ತಿದ್ದೂ ಕೂಸಿಗೆ ಎರೆಯುವಾಗ ಆಯಿ ಮೂಗು ಜಗ್ಗುತ್ತಾಳೆ: “ಈಗ ತಿದ್ದಲಿಲ್ಲಂದ್ರ ಚಪ್ಪಟಿ ಆಗ್ತದವಾ!”

ಮೂಗಿನ ಕೆಲಸ ಮುಗಿದರೆ ಬಾಯಿಯ ಸರದಿ: ಬಜೆ, ಜೇನು. “ಆರು ತಿಂಗಳು ತಾಯಿಹಾಲಷ್ಟೇ ಸಾಕು, ನೀರೂ ಬೇಡ, ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ” ಎಂದು ಆಶಾ ಕಾರ್ಯಕರ್ತೆ ಮರಾಠಿಯಲ್ಲಿ ಹೇಳಿದರೆ ಆಯಿಗೆ ಕನ್ನಡವಷ್ಟೇ ಬರುತ್ತದೆ. ಕನ್ನಡದಲ್ಲಿ ಹೇಳಿದರೆ ಕಿವಿಯೇ ಕೇಳಿಸುವುದಿಲ್ಲ.

ಅಜ್ಜನದು ಇನ್ನೊಂದು ಶಾಸ್ತ್ರ. ಕುರಿಗೆ ಜಂತಿನ ಔಷಧ ಕಾಲಕಾಲಕ್ಕೆ ಕುಡಿಸುತ್ತಾನೆ. ತನ್ನ ಬಿಪಿ ಗುಳಿಗೆ ಮಾತ್ರ “ಆರಾಮ ಅದೀನಲ್ಲ” ಎಂದು ಬಿಟ್ಟಿದ್ದಾನೆ. ಬಿಪಿ ಏರುವಾಗ ಹೇಳಿ ಏರುವುದಿಲ್ಲ ಅಜ್ಜಾ. ಗುಳಿಗೆ ಬಿಡುವ ಮೊದಲು ಡಾಕ್ಟರನ್ನಾದರೂ ಕೇಳಬೇಕಿತ್ತು!