ಬರ್ಲಿನ್ನಿನ ಡಿಸೆಂಬರಿನಲ್ಲಿ ಅತಿಥಿಧರ್ಮ: ಹೀಟರಿನ ಗುಂಡಿಯನ್ನು ಆಧಾರವಾಗಿಟ್ಟುಕೊಂಡ ಒಂದು ಸಂಶೋಧನೆ

ಕನ್ನಡ ಸಂಶೋಧನೆ ಒಂದು ಪ್ರಶ್ನೆಗೆ ಇಷ್ಟು ವರ್ಷವೂ ತಪ್ಪು ಉತ್ತರ ಕೊಟ್ಟುಕೊಂಡು ಬಂದಿದೆ. ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಇಂದಿನ ಜರ್ಮನಿಯ ವಾಯವ್ಯ ಮೂಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಅವರು ಇಪ್ಪತ್ತೊಂದರ ಹರೆಯದಲ್ಲಿ, 1853ರಲ್ಲಿ, ನಮ್ಮ ಕಡೆಗೆ ಹಡಗು ಹತ್ತಿದ್ದೇಕೆ? ಮತಪ್ರಚಾರಕ್ಕೆ ಎನ್ನುತ್ತದೆ ಒಂದು ಪಂಥ. ಭಾಷೆಯ ಮೇಲಿನ ಮೋಹಕ್ಕೆ ಎನ್ನುತ್ತದೆ ಇನ್ನೊಂದು. ಅವರಿಗಿಂತ ಮುಂಚೆ ಬಂದು 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗರ ಬಗ್ಗೆಯೂ ಇವೇ ಎರಡು ಉತ್ತರಗಳು. ಎರಡೂ ಪಂಥದವರು ಒಂದೇ ಒಂದು ಡಿಸೆಂಬರನ್ನು ಜರ್ಮನಿಯಲ್ಲಿ ಕಳೆದಿದ್ದರೆ ಮೂರನೆಯ ಉತ್ತರ ತಾನಾಗಿಯೇ ಹೊಳೆಯುತ್ತಿತ್ತು. ಪ್ರಸ್ತುತ ಲೇಖಕ ಬರ್ಲಿನ್ನಿನಲ್ಲಿ ಹಾಸ್ಟೆಲಿನ ಗೆಳೆಯನ ಮನೆಯಲ್ಲಿ ಹದಿನಾರು ದಿನ ಕಳೆದಿದ್ದಾನೆ. ಅನುಮಾನವಿರುವವರು ಅವನ ಮೂಗಿನ ತುದಿಯನ್ನು ಪರಿಶೀಲಿಸಬಹುದು.

ಮೊದಲು ಪರಿಭಾಷೆ. ತಿಥಿ ಗೊತ್ತುಮಾಡದೆ ಬರುವವನು ಅತಿಥಿ ಎಂದು ಬಲ್ಲವರು ಬಿಡಿಸುತ್ತಾರೆ. ನನ್ನ ಪಾಸ್‌ಪೋರ್ಟಿಗೆ ಅಂಟಿಸಿದ್ದ ಷೆಂಗೆನ್ ವೀಸಾದಲ್ಲಿ ಬರುವ ತಿಥಿ, ಹೋಗುವ ತಿಥಿ ಎರಡೂ ಅಚ್ಚಾಗಿದ್ದವು. ಜೊತೆಗೆ, ಅಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಗೂ ಸತ್ತರೆ ದೇಹ ಊರಿಗೆ ಸಾಗಿಸುವುದಕ್ಕೂ ಸೇರಿ 30,000 ಯೂರೋಗೆ ಕಡಿಮೆಯಿಲ್ಲದ ವಿಮೆ ಮಾಡಿಸಲೇಬೇಕು. ಅಂದರೆ ಇನ್ನೊಂದು ಅರ್ಥದ ತಿಥಿಗೂ ಏರ್ಪಾಟಾಗಿತ್ತು. ಆದ್ದರಿಂದ ಶಾಸ್ತ್ರರೀತ್ಯಾ ನಾನು ಅತಿಥಿಯಲ್ಲ, ಸತಿಥಿ.

ಬರವಣಿಗೆಯ ಸೌಕರ್ಯಕ್ಕೆ ಅತಿಥಿಯನ್ನು ‘ಅ’ ಎಂದೂ ಆತಿಥೇಯನನ್ನು ‘ಆ’ ಎಂದೂ ಕರೆಯಬೇಕೆಂದಿದ್ದೆ. ಆ ಕ್ರಮದಲ್ಲಿ ಗೆಳೆಯನ ಹೆಂಡತಿ ‘ಇ’ ಆಗಿ, ಎಂಟು ವರ್ಷದ ಮಗಳು ‘ಈ’ ಆಗಿ, ‘ಈ ಈ’ ಎಂದು ಬರೆಯುವ ಪ್ರಸಂಗ ಬಂತು. ಕೈಬಿಟ್ಟಿದ್ದೇನೆ. ಮೂರನೆಯ ಗೆಳೆಯ ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಬಂದವನು. ಬಾಗಿಲು ತೆರೆದಾಗ ‘ಉಹುಹು’ ಎಂದಷ್ಟೇ ಅಂದದ್ದರಿಂದ ಅವನಿಗೆ ‘ಉ’ ಎಂಬ ಹೆಸರು ಮಾತ್ರ ಉಳಿದುಕೊಂಡಿದೆ. ನಾವು ಮೂವರೂ ಇಪ್ಪತ್ತೆರಡು ವರ್ಷದ ಹಿಂದೆ ಮೈಸೂರಿನ ಹಾಸ್ಟೆಲಿನಲ್ಲಿ ಒಂದು ಬಕೆಟ್ ಬಿಸಿನೀರಿಗೆ ಜಗಳವಾಡಿ ಗೆಳೆಯರಾದವರು. ಈ ಹಿನ್ನೆಲೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ದೇಶಕಾಲ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಬರ್ಲಿನ್ ಐವತ್ತೆರಡೂವರೆಯಲ್ಲಿ. ಡಿಸೆಂಬರ್ ಮೂರನೆಯ ವಾರ ಅಲ್ಲಿ ಸೂರ್ಯ ಬೆಳಗ್ಗೆ ಎಂಟೂಕಾಲಕ್ಕೆ ಬಂದು ನಾಲ್ಕಕ್ಕೆ ಮುಂಚೆ ಹೊರಟುಹೋಗುತ್ತಾನೆ, ನಮ್ಮ ಕೆಲವು ಕಚೇರಿಗಳ ಹಾಗೆ. ಬಂದಾಗಲೂ ಕುರ್ಚಿಯ ಮೇಲೆ ಕೋಟು ಮಾತ್ರ ಕಾಣುವುದು. ಧನುರ್ಮಾಸದ ಪೂಜೆಯನ್ನು ಸೂರ್ಯೋದಯಕ್ಕೆ ಮುಂಚೆ ಮುಗಿಸಿದರೆ ಪುಣ್ಯ ಹೆಚ್ಚೆಂದು ನನ್ನ ಅಜ್ಜಿ ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಬರ್ಲಿನ್ನಿನಲ್ಲಿ ಏಳೂವರೆಗೆ ಎದ್ದು, ಕಾಫಿ ಕುಡಿದು, ಆಕಳಿಸಿ, ಹುಗ್ಗಿ ಇಳಿಸಿದರೂ ಇನ್ನೂ ಕತ್ತಲೆ. ಸೋಮಾರಿಗಳಿಗೆ ಇಷ್ಟು ಅಗ್ಗದಲ್ಲಿ ಪುಣ್ಯ ಸಿಗುವ ಕ್ಷೇತ್ರ ಇನ್ನೊಂದಿರಲಾರದು. ಧರ್ಮಶಾಸ್ತ್ರಜ್ಞರು ಇತ್ತ ಗಮನ ಹರಿಸಬೇಕು.

ಗೆಳೆಯನ ಮನೆ ನೊಯ್‌ಕೋಲ್ನ್ ಎಂಬ ಬಡಾವಣೆಯ ಹಳೆಯ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿದೆ. ಲಿಫ್ಟಿಲ್ಲ. ಚಟ್ನಿಪುಡಿ, ಸಾರಿನಪುಡಿ, ಕೋಡುಬಳೆ, ಹುಣಸೆಹಣ್ಣು ತುಂಬಿದ 23 ಕಿಲೋ ಸೂಟ್‌ಕೇಸನ್ನು ಹೊರುವ ಮುನ್ನ ದಮ್ಮು ತಗೊಳ್ಳಲು ನಿಂತಾಗ ಮೆಟ್ಟಿಲ ಬುಡದ ಗೋಡೆಯಲ್ಲಿ ಒಂದು ಅಪ್ರಕಟಿತ ಶಾಸನ ಕಣ್ಣಿಗೆ ಬಿತ್ತು. ಲಿಪಿ ರೋಮನ್. ಭಾಷೆ ಜರ್ಮನ್. ಸಾಲುಗಳು ಮೂವತ್ತೊಂದು. ಅರಸನ ಹೆಸರಾಗಲಿ ಬಿರುದಾವಳಿಯಾಗಲಿ ಇಲ್ಲ. ಆಶಯ: ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡಕೂಡದು, ಭಾನುವಾರ ಮತ್ತು ಹಬ್ಬದ ದಿನ ಇಡೀ ದಿನವೂ ಕೂಡದು, ಆ ಹೊತ್ತಿನಲ್ಲಿ ಗೋಡೆಗೆ ಮೊಳೆ ಹೊಡೆಯುವುದು, ಅಂಗಳದ ಡಬ್ಬಕ್ಕೆ ಗಾಜಿನ ಸೀಸೆ ಎಸೆಯುವುದು ನಿಷಿದ್ಧ. ನಮ್ಮ ಶಾಸನಗಳ ಕೊನೆಯಲ್ಲಿ ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆಂಬ ಶಾಪಾಶಯ ಇರುತ್ತದಲ್ಲ, ಅದು ಇಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದರ ಬದಲು ಎರಡನೆಯ ಮಹಡಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಲ್ಲಿ ಪ್ರತಿ ಕೋಣೆಯ ಕಿಟಕಿಯ ಕೆಳಗೆ ಬಿಸಿನೀರು ಹರಿಯುವ ಹೀಟರು. ಅದರ ಮೂಲೆಯಲ್ಲಿ ದೊಡ್ಡ ನಿಂಬೆಹಣ್ಣಿನ ಗಾತ್ರದ ತಿರುಗುವ ಗುಂಡಿ. ಗುಂಡಿಯ ಮೇಲೆ ಒಂದು ಹಿಮದ ಹೂವಿನ ಚಿತ್ರ, ಆಮೇಲೆ 1ರಿಂದ 5ರವರೆಗೆ ಅಂಕಿ. ಒಟ್ಟು ಆರು. ಷಟ್‌ಸ್ಥಲವನ್ನು ಓದಿದ ಯಾವ ಕನ್ನಡಿಗನಿಗೂ ಇಲ್ಲಿ ಮೈ ಜುಮ್ಮೆನ್ನಬೇಕು. ನನಗೆ ಎಂದಿತು, ಚಳಿಯೂ ಸೇರಿತ್ತು. ಹಿಮದ ಹೂವು ಭಕ್ತಸ್ಥಲ: ಕೊಳವೆಯ ನೀರು ಹೆಪ್ಪುಗಟ್ಟದಿರಲಿ ಎಂಬಷ್ಟೇ ಬಿಸಿ, ಸುಮಾರು 6 ಡಿಗ್ರಿ. ಇಲ್ಲಿ ಶ್ರದ್ಧೆಯೊಂದೇ ಆಸರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ದೊಡ್ಡ ಚಳಿ 7.8 ಡಿಗ್ರಿ, 1884ರ ಜನವರಿಯದು. ಅಂದರೆ ನಮ್ಮ ಇಡೀ ಚರಿತ್ರೆಯ ಪರಮಾವಧಿ ಇಲ್ಲಿನ ಮೊದಲ ಮೆಟ್ಟಿಲಿಗಿಂತ ಬೆಚ್ಚಗಿತ್ತು. ಒಂದು ಮಹೇಶ, ಸುಮಾರು 12. ಎರಡು ಪ್ರಸಾದಿ, 16. ಮೂರು ಪ್ರಾಣಲಿಂಗಿ, 20. ಪ್ರಾಣ ನಿಲ್ಲುವುದು ಇಲ್ಲಿಂದ. ನಾಲ್ಕು ಶರಣ. ಐದು ಐಕ್ಯ, 28 ಡಿಗ್ರಿ, ಇದನ್ನು ಆ ಮನೆಯಲ್ಲಿ ಕಂಡವರಿಲ್ಲ. ಕೆಲವು ಗುಂಡಿಗಳಲ್ಲಿ ಸೊನ್ನೆಯೂ ಉಂಟು. ಅದು ಪ್ರಕ್ಷಿಪ್ತ.

ಗುಂಡಿಯನ್ನು ಐದಕ್ಕೆ ಇಟ್ಟರೆ ಕೋಣೆ ಬೇಗ ಬಿಸಿಯಾಗುತ್ತದೆ ಎಂಬುದು ಹೊರಗಿನಿಂದ ಬಂದವರ ಮೂಢನಂಬಿಕೆ. ಮೂರಕ್ಕಿಟ್ಟರೂ ಅಷ್ಟೇ ಹೊತ್ತು ಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಗುಂಡಿ ನಿರ್ಧರಿಸುತ್ತದೆ. ಇದನ್ನು ಗೆಳೆಯ ಮೊದಲ ರಾತ್ರಿಯೇ ನನಗೂ ‘ಉ’ಗೂ ಉಪದೇಶಿಸಿದ. ಹಗಲು ಪ್ರಸಾದಿ, ಹಬ್ಬಕ್ಕೆ ಪ್ರಾಣಲಿಂಗಿ, ರಾತ್ರಿ ಮಹೇಶ ಎಂಬುದು ಮನೆಯ ಆಚಾರ. ಮೂರನೆಯ ರಾತ್ರಿ ಎರಡೂಕಾಲಿಗೆ ನಾನು ಎದ್ದು, ಕತ್ತಲಲ್ಲಿ ತಡವಿ, ಗುಂಡಿಯನ್ನು ಒಂದರಿಂದ ನಾಲ್ಕಕ್ಕೆ ತಿರುಗಿಸಿದೆ. ಕೊಳವೆ ಟಿಣ್ ಎಂದಿತು. ಬಾಗಿಲಲ್ಲಿ ಗೆಳೆಯ. ಸಂವಾದವನ್ನು ಯಥಾವತ್ತಾಗಿ ಕೊಡುತ್ತಿದ್ದೇನೆ.

“ಯಾಕೋ, ನಿದ್ದೆ ಬರ್ಲಿಲ್ವಾ?”

“ಬಾತ್‌ರೂಮಿಗೆ ಎದ್ದೆ ಕಣೋ.”

“ಬಾತ್‌ರೂಮ್ ಆ ಕಡೆ.”

“ಗೊತ್ತು. ಹೋಗ್ಬಂದೆ.”

“ಲೋ, ಹೋದ್ವರ್ಷದ ಹೀಟಿಂಗ್ ಬಿಲ್ ತೋರಿಸ್ಲಾ?”

“ಬೇಡ ಮಾರಾಯ.”

ತೋರಿಸಿದ. ಮೊಬೈಲಿನ ಬೆಳಕಿನಲ್ಲಿ ಕೊನೆಯ ಸಾಲಿಗೆ ಬೆರಳಿಟ್ಟು ತೋರಿಸಿದ. ಗುಂಡಿಯನ್ನು ಒಂದಕ್ಕೆ ಇಳಿಸಿದ. ಆಮೇಲೆ ತಾನು ಹೊದ್ದುಕೊಂಡು ಬಂದಿದ್ದ ಚಳ್ಳಕೆರೆ ಕಂಬಳಿಯನ್ನು ತೆಗೆದು ನನ್ನ ಮೇಲೆ ಹಾಕಿ, ಬರೀ ಬನಿಯನ್ನಿನಲ್ಲಿ ನಡುಗುತ್ತಾ ಒಳಗೆ ಹೋದ. ಹಾಸ್ಟೆಲಿನ ಬಕೆಟ್ ಪ್ರಕರಣದಲ್ಲೂ ಇವನು ಅರ್ಧ ತಾಸು ಜಗಳವಾಡಿ ಕೊನೆಗೆ ತಣ್ಣೀರಲ್ಲಿ ಸ್ನಾನ ಮಾಡಿದ್ದ. ಈ ಎರಡು ದಾಖಲೆಗಳನ್ನು ಒಟ್ಟಿಗಿಟ್ಟು ಓದಬೇಕೆಂದು ನನ್ನ ಸೂಚನೆ. ಕಂಬಳಿ ಚುಚ್ಚುತ್ತಿತ್ತು ಎಂಬುದನ್ನೂ ದಾಖಲಿಸುತ್ತೇನೆ.

ಹೀಗೆ ಕಾಸು ಕಾಸು ಎಣಿಸಿ ಕೂಡಿಟ್ಟ ಬಿಸಿಯನ್ನು ಬೆಳಗ್ಗೆ ಎದ್ದು ಎಲ್ಲ ಕಿಟಕಿ ತೆರೆದು ಬೀದಿಗೆ ಚೆಲ್ಲುತ್ತಾರೆ. ಜರ್ಮನಿಯಲ್ಲಿ ಇದಕ್ಕೆ ಷ್ಟೋಸ್‌ಲ್ಯುಫ್ಟೆನ್ ಎಂಬ ಹೆಸರೇ ಇದೆ, ಎಷ್ಟೋ ಬಾಡಿಗೆ ಕರಾರುಗಳಲ್ಲಿ ಕಲಮೂ ಇದೆ. ಉಸಿರಿನ ತೇವ, ಸ್ನಾನದ ಹಬೆ, ಸಾರಿನ ಹಬೆ ತಣ್ಣನೆಯ ಗೋಡೆಗೆ ಕೂತರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದರೆ ಮನೆ ಮಾಲೀಕ ಹಿಡಿಯುತ್ತಾನೆ. ಐದು ಜನರ ಉಸಿರೂ ಕರ್ನಾಟಕದ ಸಾರೂ ಸೇರಿದ್ದರಿಂದ ನಮ್ಮಲ್ಲಿ ದಿನಕ್ಕೆ ಮೂರು ಆವೃತ್ತಿ. “ಕಿಟಕಿ ತೆಗೀತಿದೀನಿ ಅಣ್ಣಾ, ಹೊದ್ಕೊಂಡಿರಿ, ಐದೇ ನಿಮಿಷ,” ಎನ್ನುತ್ತಿದ್ದರು ಗೆಳೆಯನ ಹೆಂಡತಿ. ಐದು ನಿಮಿಷ ಎಂಬ ಕಾಲಮಾನ ನಮ್ಮಲ್ಲೂ ಇದೆ, ಬಸ್‌ಸ್ಟ್ಯಾಂಡಿನಲ್ಲೂ ಮದುವೆಮನೆಯಲ್ಲೂ ಬಳಕೆಯಲ್ಲಿದೆ. ಇಲ್ಲಿ ಮಾತ್ರ ಮಗಳು ಕೈಯಲ್ಲಿ ಗಡಿಯಾರ ಹಿಡಿದು ನಿಂತಿರುತ್ತಿದ್ದಳು.

ಇಷ್ಟಾದ ಮೇಲೆ ಊರು ನೋಡುವ ಪ್ರಶ್ನೆ. ಚಳಿಗಾಲದ ಪರವೂರೆಂದರೆ ಎರಡು ಹೀಟರುಗಳ ನಡುವಿನ ದೂರ, ಇದು ನನ್ನ ವ್ಯಾಖ್ಯೆ. ಈ ದೂರವನ್ನು ಸೊನ್ನೆಗಿಳಿಸುವ ಉಪಾಯವನ್ನು ‘ಉ’ ಕಂಡುಹಿಡಿದ. ಊರಿನ ನಡುಭಾಗವನ್ನು ಸುತ್ತುವರಿದು 37 ಕಿಲೋಮೀಟರಿನ ಉಂಗುರ ರೈಲೊಂದಿದೆ. ನಿಲ್ದಾಣಗಳು 27, ಒಂದು ಸುತ್ತಿಗೆ ಒಂದು ಗಂಟೆ. ಎಸ್41 ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಹೋಗುತ್ತದೆ, ಎಸ್42 ಅದರ ವಿರುದ್ಧ. ಅಂದರೆ ಒಂದು ಪ್ರದಕ್ಷಿಣೆ, ಇನ್ನೊಂದು ಅಪ್ರದಕ್ಷಿಣೆ. ಬೋಗಿಯೊಳಗೆ ಬೆಚ್ಚಗಿರುತ್ತದೆ. ದಿನದ ಟಿಕೆಟ್ ತಗೊಂಡು ಎಸ್41ರಲ್ಲಿ ಮೂರು ಸುತ್ತು ಹಾಕಿದೆವು, ಕೋಡುಬಳೆ ತಿಂದೆವು, ಹಾಸ್ಟೆಲಿನ ವಾರ್ಡನ್ನನ್ನು ಇನ್ನೊಮ್ಮೆ ಬೈದೆವು. ಗರ್ಭಗುಡಿಯಲ್ಲಿ ಏನಿದೆಯೆಂದು ನೋಡಲು ಯಾರೂ ಇಳಿಯಲಿಲ್ಲ.

ಇಳಿದದ್ದು ಒಂದೇ ದಿನ, ನೊಯೆಸ್ ಮ್ಯೂಸಿಯಂಗೆ. ಅದೂ ಬೆಚ್ಚಗಿರುತ್ತದೆಂದು ಕೇಳಿ. ಅಲ್ಲಿ ಈಜಿಪ್ಟಿನ ರಾಣಿ ನೆಫರ್‌ಟೀಟಿಯ ಪ್ರತಿಮೆಯಿದೆ, ಒಂದು ಕಣ್ಣಿಲ್ಲ, ಕತ್ತು ನೋಡಿದರೆ ಆ ಕೊರತೆ ಮರೆತುಹೋಗುತ್ತದೆ. ನನ್ನ ಸಿದ್ಧಾಂತಕ್ಕೆ ಬೇಕಾದದ್ದು ಕತ್ತಲ್ಲ, ತಾರೀಖು. ಪ್ರತಿಮೆ ಸಿಕ್ಕಿದ್ದು 1912ರ ಡಿಸೆಂಬರ್ 6ರಂದು. ಆ ದಿನ ಜರ್ಮನಿಯ ವಿದ್ವಾಂಸ ಲುಡ್ವಿಗ್ ಬೋರ್‌ಶಾರ್ಟ್ ಎಲ್ಲಿದ್ದರು? ಅಮರ್ನಾದ ಬಿಸಿಲಲ್ಲಿ, ಮರಳು ಅಗೆಯುತ್ತಾ. ಡಿಸೆಂಬರಿನಲ್ಲಿ ಜರ್ಮನ್ ಪಾಂಡಿತ್ಯ ಯಾವ ದಿಕ್ಕಿಗೆ ಹರಿಯುತ್ತದೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ?

ಡಿಸೆಂಬರ್ 24ರ ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಬಾಗಿಲು ಹಾಕಿದವು. 25, 26 ರಜೆ. ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಮೊಸರು ಮುಗಿದಿದೆಯೆಂದು ಗೊತ್ತಾಗಿ ಗೆಳೆಯ ನಾಲ್ಕು ಮಹಡಿ ಇಳಿದು ಓಡಿದ್ದನ್ನು ಕಿಟಕಿಯಿಂದ ನೋಡಿದೆವು. ಓಡುವಾಗಲೂ ಖಾಲಿ ಸೀಸೆಗಳ ಚೀಲ ಮರೆತಿರಲಿಲ್ಲ. ಅಲ್ಲಿ ಬಿಯರ್ ಸೀಸೆಗೆ 8 ಸೆಂಟ್, ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಮುಂಗಡ ಹಿಡಿದಿರುತ್ತಾರೆ. ಅಂಗಡಿಯ ಯಂತ್ರದ ಬಾಯಿಗೆ ಕೊಟ್ಟರೆ ಚೀಟಿ ಕಕ್ಕುತ್ತದೆ. ನಮ್ಮ ಹಳೇಪೇಪರ್‌ನವನೇ, ಚೌಕಾಸಿ ಮಾತ್ರ ಇಲ್ಲ. ಉಪ್ಪಿನಕಾಯಿಯ ಖಾಲಿ ಜಾಡಿಯೊಂದನ್ನು ನಾನು ಭಾನುವಾರ ಅಂಗಳದ ಡಬ್ಬಕ್ಕೆ ಹಾಕಲು ಹೊರಟಾಗ ಮಗಳು ಬಾಗಿಲಿಗೆ ಅಡ್ಡ ನಿಂತಳು. “ಮಾಮಾ, ಇವತ್ತು ಸಂಡೆ!” ಶಾಸನದ ಪರಂಪರಾಗತ ವ್ಯಾಖ್ಯಾನಕಾರರು ಆ ವಂಶದಲ್ಲಿ ಈಗಾಗಲೇ ಹುಟ್ಟಿದ್ದಾರೆ.

ಡಿಸೆಂಬರ್ 31ರ ಸಂಜೆ ಜರ್ಮನಿಯ ಟಿವಿಯಲ್ಲಿ ವರ್ಷವರ್ಷವೂ ತಪ್ಪದೆ ‘ಡಿನ್ನರ್ ಫಾರ್ ಒನ್’ ಎಂಬ ಪುಟ್ಟ ಪ್ರಹಸನ ಬರುತ್ತದೆ. 1963ರಲ್ಲಿ ಚಿತ್ರೀಕರಿಸಿದ್ದು, ಕಪ್ಪುಬಿಳುಪು, ಮಾತೆಲ್ಲ ಇಂಗ್ಲಿಷು. ತೊಂಬತ್ತು ತುಂಬಿದ ಮುದುಕಿಯೊಬ್ಬಳು ನಾಲ್ವರು ಗೆಳೆಯರನ್ನು ಊಟಕ್ಕೆ ಕರೆದಿದ್ದಾಳೆ. ನಾಲ್ವರೂ ತೀರಿಕೊಂಡು ಎಷ್ಟೋ ಕಾಲವಾಗಿದೆ. ಅವರ ಪಾಲಿನದನ್ನೆಲ್ಲ ಬಟ್ಲರನೇ ಕುಡಿದು ಹುಲಿಯ ತಲೆಗೆ ಎಡವುತ್ತಾನೆ. ನಮ್ಮಲ್ಲಿ ಪಕ್ಷಮಾಸದಲ್ಲಿ ಎಡೆ ಇಡುವುದಕ್ಕೆ ಇದು ತೀರ ಹತ್ತಿರ, ಕಾಗೆಯ ಜಾಗದಲ್ಲಿ ಬಟ್ಲರ್ ಇದ್ದಾನೆ ಅಷ್ಟೆ. ಗೆಳೆಯ ಇದನ್ನು ಹನ್ನೊಂದನೆಯ ಸಲ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಡಿಸೆಂಬರಿನಲ್ಲಿ ಊಟಕ್ಕೆ ಬಂದರೂ ಹೀಟರಿನ ತಂಟೆಗೆ ಹೋಗದ ಗೆಳೆಯರನ್ನು ಅವನು ಕಂಡದ್ದು ಅಲ್ಲಿ ಮಾತ್ರ.

ಆಮೇಲೆ ಮೇಣ ಕರಗಿಸಿ ತಣ್ಣೀರಿಗೆ ಹೊಯ್ದು ಭವಿಷ್ಯ ನೋಡಿದೆವು. ಮುಂಚೆ ಸೀಸ ಹೊಯ್ಯುತ್ತಿದ್ದರು, ಸೀಸ ವಿಷವೆಂದು 2018ರಿಂದ ಅದರ ಮಾರಾಟ ನಿಂತಿದೆ. ‘ಉ’ನ ಮೇಣ ದೋಣಿಯಾಯಿತು. ನನ್ನದನ್ನು ಮಗಳು ಹೊರಳಿಸಿ ನೋಡಿ “ಹೀಟರ್” ಎಂದಳು. ಹನ್ನೆರಡು ಹೊಡೆಯಿತು, ಇಡೀ ಊರು ಸಿಡಿಯತೊಡಗಿತು. ಅಂಗಳಕ್ಕೆ ಇಳಿದರೆ ಶಾಪಾಶಯದ ಅಜ್ಜಿ ಬಿಯರ್ ಸೀಸೆಯೊಳಗೆ ರಾಕೆಟ್ ನಿಲ್ಲಿಸಿ ಬತ್ತಿಗೆ ಕಡ್ಡಿ ಗೀರುತ್ತಿದ್ದರು. ಮಗಳು ಕಾದಿದ್ದು ಸೀಸೆ ಎತ್ತಿಕೊಂಡಳು. ಎಂಟು ಸೆಂಟ್.

ಇಲ್ಲಿ ಪೂರ್ವಪಕ್ಷ. ಬಲ್ಲ ಜರ್ಮನರೇ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಓಡುತ್ತಿದ್ದರೆಂದ ಮೇಲೆ ನೀನೇಕೆ ಉತ್ತರಕ್ಕೆ ಹೋದೆ? ಜೂನಿನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಬೆಳಕಿರುತ್ತದಂತಲ್ಲ? ಇರುತ್ತದೆ. ಬೇಸಿಗೆಯ ರಜೆಯನ್ನೆಲ್ಲ ಗೆಳೆಯ ಶಿವಮೊಗ್ಗದಲ್ಲಿ ಅಮ್ಮನ ಹತ್ತಿರ ಕಳೆಯುತ್ತಾನೆ, ‘ಉ’ನ ಆಫೀಸು ಬೇಸಿಗೆಯಲ್ಲಿ ಬಿಡುವುದಿಲ್ಲ, ನನಗೆ ಜೂನೆಂದರೆ ಕಾಲೇಜಿನ ಅಡ್ಮಿಷನ್ನು. ಇಪ್ಪತ್ತೆರಡು ವರ್ಷದಲ್ಲಿ ಮೂವರ ರಜೆಯೂ ಒಟ್ಟಿಗೆ ಬಿದ್ದದ್ದು ಈ ಒಂದು ಸಲ. ಬರ್ಲಿನ್ನಿಗೋಸ್ಕರ ಬರ್ಲಿನ್ನಿಗೆ ಡಿಸೆಂಬರಿನಲ್ಲಿ ಯಾರೂ ಹೋಗುವುದಿಲ್ಲ.

ಇನ್ನು ಕಿಟ್ಟೆಲರು ಮಡಿಕೇರಿಯಲ್ಲೂ ಇದ್ದರಲ್ಲ, ಅಲ್ಲೇನು ಚಳಿಯಿಲ್ಲವೆ ಎಂದು ಕೊಡಗಿನ ಓದುಗರು ಕೇಳಬಹುದು. ಬರ್ಲಿನ್ನಿನ ಚಳಿ ಭಾಷೆಯಾದರೆ ಮಡಿಕೇರಿಯದು ಉಪಭಾಷೆ ಎಂಬುದಷ್ಟೇ ನನ್ನ ಉತ್ತರ. ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು, ಸುಮಾರು 70,000 ಶಬ್ದಗಳು. ಅದರ ಕೆಲಸ ಮುಗಿಯುತ್ತಾ ಬಂದ ಮೇಲೆ ಅವರಿಗೆ ಇಲ್ಲಿ ಉಳಿಯಲು ನೆಪವಿರಲಿಲ್ಲ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ನೆಲೆಸಿದರು. 1903ರಲ್ಲಿ ಅಲ್ಲೇ ತೀರಿಕೊಂಡರು. ತಿಂಗಳು ಡಿಸೆಂಬರ್.